ಕಡತದಿಂದ ತಟ್ಟೆಗೆ

(ಬಾನುಲಿ ಭಾಷಣ)

‘ಕಡತ’ ಎಂಬುದು ಕನ್ನಡದ ಹಳೆಯ ಮಾತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಲೆಕ್ಕಪತ್ರಗಳನ್ನು ಬರೆದಿಡುತ್ತಿದ್ದ ಕಾಲವೊಂದಿತ್ತು. ಅಂಥ ಪುಸ್ತಕಕ್ಕೆ ಕಡತವೆಂದು ಹೆಸರು. ಶೃಂಗೇರಿ ಮಠದ ಕಡತಗಳು ನಮ್ಮ ಚರಿತ್ರಕಾರರಿಗೆಲ್ಲ ಪರಿಚಿತವಾದವು. ಬಟ್ಟೆಯ ಕಡತ ಹೋಗಿ ಕಚೇರಿಯ ದಾರ ಕಟ್ಟಿದ ಕಡತ ಬಂದಿತು. ಈಗ ಕಂಪ್ಯೂಟರಿನೊಳಗೆ ಕಣ್ಣಿಗೆ ಕಾಣದಂತೆ ಕುಳಿತಿರುವ ಫೈಲನ್ನೂ ಕಡತವೆಂದೇ ಕರೆಯುತ್ತಿದ್ದೇವೆ. ‘ತಟ್ಟೆ’ಯ ಕಥೆಯೂ ಹೀಗೆಯೇ. ಗ್ರಾಮಫೋನು ನಮ್ಮ ಊರುಗಳಿಗೆ ಬಂದಾಗ ಜನ ಅದರ ಮೇಲೆ ತಿರುಗುತ್ತಿದ್ದ ಕರಿಯ ಚಕ್ರವನ್ನು ಹಾಡಿನ ತಟ್ಟೆ ಎಂದರು. ಆಮೇಲೆ ಬಂದ ಸಿಡಿ, ಡಿವಿಡಿಗಳಿಗೂ ನಮ್ಮ ಮನೆಯ ಹಿರಿಯರು ಅದೇ ಹೆಸರನ್ನು ಮುಂದುವರಿಸಿದರು.

ಈ ಹೊತ್ತು ನಾನು ಹೇಳಹೊರಟಿರುವುದು, ಕಂಪ್ಯೂಟರಿನ ಕಡತದಲ್ಲಿದ್ದ ಒಂದು ಚಲಿಸುವ ಚಿತ್ರವನ್ನು ಮನೆಯ ಟಿವಿಯಲ್ಲಿ ನೋಡಬಲ್ಲ ತಟ್ಟೆಗೆ ಇಳಿಸಿದ ಸಂಗತಿಯನ್ನು. ಇದು ಎಂಜಿನಿಯರುಗಳು ಮಾತನಾಡಬೇಕಾದ ವಿಷಯ. ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಇಲ್ಲೇನು ಕೆಲಸ ಎಂದು ತಾವು ಕೇಳಬಹುದು. ಕೇಳುವುದು ನ್ಯಾಯವೇ. ಈ ಕೆಲಸಕ್ಕೆ ಕೈಹಾಕುವವರೆಗೆ ನನಗೂ ಹಾಗೆಯೇ ಅನಿಸಿತ್ತು. ಕೈಹಾಕಿದ ಮೇಲೆ ತಿಳಿಯಿತು, ನಾನು ತರಗತಿಯಲ್ಲಿ ವರ್ಷವರ್ಷವೂ ಹೇಳಿದ ಗ್ರಂಥಸಂಪಾದನೆಯ ಪಾಠವನ್ನೇ ಮತ್ತೊಮ್ಮೆ, ಈ ಸಲ ವಿದ್ಯಾರ್ಥಿಯಾಗಿ, ಕಲಿಯಬೇಕಾಗಿದೆ ಎಂದು.

ತೀರ್ಥಹಳ್ಳಿಯ ಕಡೆ ಅಡಕೆಯ ತೋಟದ ನಡುವೆ ನನ್ನ ಅಕ್ಕನ ಮನೆ. ಭಾವ ಗಮಕಿಗಳು. ನಾಡಿನಲ್ಲಿ ಹೆಸರಾದ ಗಮಕಿಗಳೇನಲ್ಲ, ಊರಿನ ಗಮಕಿಗಳು. ಮಳೆಗಾಲದ ಸಂಜೆ ಜಗಲಿಯಲ್ಲಿ ದೀಪದ ಮುಂದೆ ಗದುಗಿನ ಭಾರತವನ್ನು ಬಿಚ್ಚಿ ಕುಳಿತರೆ ಅಕ್ಕಪಕ್ಕದ ನಾಲ್ಕು ಮನೆಯವರು ಕಂಬಳಿ ಹೊದ್ದು ಬಂದು ಕುಳಿತುಕೊಳ್ಳುತ್ತಿದ್ದರು. 2010ರ ಡಿಸೆಂಬರಿನಲ್ಲಿ, ಅಮೆರಿಕದಲ್ಲಿರುವ ಅವರ ಮಗ ರಜೆಯ ಮೇಲೆ ಊರಿಗೆ ಬಂದಿದ್ದ. ಒಂದು ರಾತ್ರಿ ಭಾವ ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನಿಗೆ ಅವನ ಹುಟ್ಟಿನ ಗುಟ್ಟನ್ನು ಹೇಳುವ ಭಾಗವನ್ನು ಓದುತ್ತಿದ್ದಾಗ ಅವನು ತನ್ನ ಸಣ್ಣ ಕ್ಯಾಮರಾವನ್ನು ಒಂದು ಪೀಠದ ಮೇಲಿಟ್ಟು ಪೂರ್ತಿ ಚಿತ್ರಿಸಿಕೊಂಡ. ಆ ಕ್ಯಾಮರಾ ಒಂದೇ ಉಸಿರಿನಲ್ಲಿ ಹೆಚ್ಚು ಹೊತ್ತು ಚಿತ್ರಿಸಲಾರದು. ಹೀಗಾಗಿ ಐದು ತುಂಡುಗಳು, ಒಟ್ಟು ನೂರು ನಿಮಿಷ. 2013ರಲ್ಲಿ ಭಾವ ತೀರಿಕೊಂಡರು. ಅವರ ವಾಚನವಾಗಿ ಉಳಿದದ್ದು ಈ ಐದು ತುಂಡುಗಳು ಮಾತ್ರ.

ಅಕ್ಕನ ಮನೆಯಲ್ಲಿ ಆಗ ಕಂಪ್ಯೂಟರು ಇರಲಿಲ್ಲ, ಇಂಟರ್ನೆಟ್ಟು ಬಂದಿರಲಿಲ್ಲ. ಇದ್ದದ್ದು ಹಿಂಬದಿ ಉಬ್ಬಿದ ಹಳೆಯ ಟಿವಿ, ಅದರ ಮೇಲೊಂದು ಡಿವಿಡಿ ಪ್ಲೇಯರು. ಅದರ ರಿಮೋಟಿನಲ್ಲಿ ಅಕ್ಕನಿಗೆ ಗೊತ್ತಿದ್ದ ಗುಂಡಿಗಳು ಮೂರು: ಹಾಕುವುದು, ನಿಲ್ಲಿಸುವುದು, ಮುಂದಕ್ಕೆ ಹೋಗುವುದು. ವರ್ಷಾಂತಿಕಕ್ಕೆ ಹೋದಾಗ ಆಕೆ ಕೇಳಿದಳು: “ಕಂಪ್ಯೂಟರಿನಲ್ಲಿ ಇದೆ, ಕಂಪ್ಯೂಟರಿನಲ್ಲಿ ಇದೆ ಅಂತ ಎಲ್ಲರೂ ಹೇಳ್ತೀರಿ. ನನಗೆ ಅದು ಕಾಣೋದು ಹ್ಯಾಗೋ?” ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಓಲೆಗರಿ ಭದ್ರವಾಗಿ ಭಂಡಾರದಲ್ಲಿದೆ ಎಂದರೆ, ಓದಬೇಕಾದವನಿಗೆ ಆದ ಲಾಭವೇನು?

ಮೊದಲು ಮಗನೇ ಅಮೆರಿಕದಿಂದ ಒಂದು ತಟ್ಟೆ ಮಾಡಿ ಕಳಿಸಿದ. ಹಾಕಿದೆವು. ಭಾವ ಕಾಣಿಸಿದರು, ಮಾತೂ ಕೇಳಿಸಿತು. ಆದರೆ ಎಲ್ಲವೂ ಕಪ್ಪು ಬಿಳುಪು. ಅಕ್ಕ ಸ್ವಲ್ಪ ಹೊತ್ತು ನೋಡಿ, “ಶಾಲಿಗೆ ಕೆಂಪು ಅಂಚು ಇತ್ತಲ್ಲ” ಎಂದಳು. ಅದು ಆಕೆಯೇ ತೀರ್ಥಹಳ್ಳಿಯಲ್ಲಿ ಆರಿಸಿ ತಂದ ಶಾಲು.

ಕಾರಣ ಹೀಗೆ. ಟಿವಿಯ ಲೆಕ್ಕಾಚಾರವು ಮೊದಲಿಗೆ ಆಯಾ ದೇಶದ ವಿದ್ಯುತ್ತಿನ ಲಯವನ್ನು ಹಿಡಿದು ಬೆಳೆದದ್ದು. ನಮ್ಮಲ್ಲಿ ವಿದ್ಯುತ್ತಿಗೆ ಸೆಕೆಂಡಿಗೆ 50 ಆವರ್ತ. ಹೀಗಾಗಿ ಸೆಕೆಂಡಿಗೆ 25 ಚಿತ್ರ. ಅಮೆರಿಕದಲ್ಲಿ 60 ಆವರ್ತ. ಅಲ್ಲಿ ಹತ್ತಿರ ಹತ್ತಿರ 30 ಚಿತ್ರ. ಬಣ್ಣವನ್ನು ಸಂಕೇತದಲ್ಲಿ ಅಡಗಿಸುವ ಬಗೆಯೂ ಬೇರೆ. 1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದಾಗ ನಾವು ಅನುಸರಿಸಿದ್ದು ಪಾಲ್ ಎಂಬ ಪದ್ಧತಿ, ಅಮೆರಿಕದ್ದು ಎನ್‌ಟಿಎಸ್‌ಸಿ. ಅಕ್ಕನ ಟಿವಿ ಅಲ್ಲಿಯ ಬೆಳಕನ್ನು ಅರ್ಥಮಾಡಿಕೊಂಡಿತು, ಬಣ್ಣವನ್ನು ಮಾಡಿಕೊಳ್ಳಲಿಲ್ಲ. ಹಾಡಿನ ಸಾಹಿತ್ಯ ತಿಳಿದು ರಾಗ ತಿಳಿಯದವನ ಪಾಡು ಅದರದ್ದು.

ಆಮೇಲೆ ನಾನು ಹೊರಟೆ. ಸೋದರಳಿಯನಿಂದ ಮೂಲದ ಕಡತಗಳನ್ನೇ ತರಿಸಿಕೊಂಡು, ಒಂದು ಖಾಲಿ ತಟ್ಟೆ ಕೊಂಡು, ಪುಸ್ತಕವನ್ನು ಒಂದು ಕಪಾಟಿನಿಂದ ಇನ್ನೊಂದಕ್ಕೆ ಎತ್ತಿಡುವಂತೆ ಅವನ್ನು ಅದರೊಳಕ್ಕೆ ಇಳಿಸಿದೆ. ನನ್ನ ಕಂಪ್ಯೂಟರಿನಲ್ಲಿ ತಟ್ಟೆ ಸೊಗಸಾಗಿ ಓಡಿತು. ಅಕ್ಕನ ಪ್ಲೇಯರು ಅದನ್ನು ನುಂಗಿ, ಒಳಗೆ ಒಂದು ನಿಮಿಷ ಗೊರಗೊರ ತಿರುಗಿಸಿ, ಇದು ನನಗೆ ತಿಳಿಯದ ತಟ್ಟೆ ಎಂದು ಹೇಳಿ ಹೊರಕ್ಕೆ ತಳ್ಳಿತು.

ಅದರ ತಪ್ಪೇನೂ ಇರಲಿಲ್ಲ. ಮಲೆನಾಡಿನಲ್ಲಿ ಸಂಸ್ಕೃತ ಗ್ರಂಥಗಳನ್ನು ತಿಗಳಾರಿ ಲಿಪಿಯಲ್ಲಿ ಬರೆಯುತ್ತಿದ್ದರೆಂದು ತಮಗೆ ಗೊತ್ತು. ಸಂಸ್ಕೃತ ಬಲ್ಲವನೇ ಆಗಿದ್ದರೂ ಆ ಲಿಪಿ ತಿಳಿಯದವನ ಕೈಗೆ ಅಂಥ ಓಲೆ ಕೊಟ್ಟರೆ ಅವನು ಮಾಡುವುದೇನು? ಡಿವಿಡಿಗೆ ಒಂದು ಕಟ್ಟುನಿಟ್ಟಾದ ವ್ಯಾಕರಣವುಂಟು. ಆ ತಟ್ಟೆಯ ಪ್ಲೇಯರುಗಳು ಮೊತ್ತಮೊದಲು ಮಾರಾಟಕ್ಕೆ ಬಂದದ್ದು ಜಪಾನಿನಲ್ಲಿ, 1996ರ ನವೆಂಬರಿನಲ್ಲಿ. ವ್ಯಾಕರಣ ಆ ಕಾಲದ್ದೇ. ಚಿತ್ರವು ಸಾಮಾನ್ಯವಾಗಿ ಎಂಪೆಗ್-2 ಎಂಬ ಸಂಕೇತದಲ್ಲಿರುತ್ತದೆ. ನಮ್ಮ ಪದ್ಧತಿಯಾದರೆ ಅಡ್ಡಕ್ಕೆ 720 ಬಿಂದು, ಉದ್ದಕ್ಕೆ 576 ಸಾಲು, ಸೆಕೆಂಡಿಗೆ 25 ಚಿತ್ರ. ಧ್ವನಿಯನ್ನು ಸೆಕೆಂಡಿಗೆ 48,000 ಬಾರಿ ಅಳೆದಿರಬೇಕು. ಇವೆಲ್ಲವೂ ಗೊತ್ತಾದ ಹೆಸರಿನ ಒಂದು ಕೋಶದಲ್ಲಿ, ಗೊತ್ತಾದ ಹೆಸರಿನ ಕಡತಗಳಲ್ಲಿ ಇರಬೇಕು. ಯಾವುದು ಎಲ್ಲಿದೆ ಎಂದು ಹೇಳುವ ವಿಷಯಸೂಚಿಯ ಕಡತ ಬೇರೆ, ಅದು ಕೆಟ್ಟರೆ ಇರಲಿ ಎಂದು ಅದರದ್ದೊಂದು ಮರುಪ್ರತಿ ಬೇರೆ. ನನ್ನ ಅಳಿಯನ ಕ್ಯಾಮರಾ ಬರೆದದ್ದು 2003ರಲ್ಲಿ ರೂಢಿಗೆ ಬಂದ ಎಚ್.264 ಎಂಬ ಹೊಸ ಸಂಕೇತದಲ್ಲಿ. ಅಕ್ಕನ ಪ್ಲೇಯರಿಗೆ ಆ ಲಿಪಿ ಬರುತ್ತಿರಲಿಲ್ಲ. ಕಡತವನ್ನು ಎತ್ತಿಡುವುದು ಬೇರೆ, ಅದನ್ನು ಇನ್ನೊಂದು ಸಂಕೇತಕ್ಕೆ ಪರಿವರ್ತಿಸುವುದು ಬೇರೆ; ಈ ವ್ಯತ್ಯಾಸ ನನಗೆ ಹೊಳೆದದ್ದು ಆಗ.

ನಮ್ಮ ಊರಿನ ಒಂದು ಅಂಗಡಿಯಲ್ಲಿ ಇಂಥ ಕೆಲಸ ಮಾಡಿಕೊಡುತ್ತಿದ್ದರು. ಅಲ್ಲಿಗೆ ಒಯ್ದೆ. ಜೊತೆಗೆ ಮನೆಯಲ್ಲಿದ್ದ ಒಂದು ಮದುವೆಯ ಚಿತ್ರವನ್ನೂ ಕೊಟ್ಟೆ. ಅಂಗಡಿಯವರು ನನಗೆ ಹಣ ಉಳಿಸಿಕೊಡುವ ಒಳ್ಳೆಯ ಬುದ್ಧಿಯಿಂದಲೇ, ಐದು ಗಂಟೆಯ ಸರಕನ್ನೆಲ್ಲ ಒಂದೇ ತಟ್ಟೆಗೆ ತುಂಬಿ ಕೊಟ್ಟರು. ಈ ಸಲ ಪ್ಲೇಯರು ಒಪ್ಪಿಕೊಂಡಿತು, ಬಣ್ಣವೂ ಬಂದಿತು. ಆದರೆ ಭಾವನ ಮುಖ ಮೋಡ ಮುಸುಕಿದಂತೆ, ಚೌಕಚೌಕವಾಗಿ ಒಡೆದಂತೆ ಇತ್ತು. ಅದೂ ಸಾಲದೆಂಬಂತೆ ಅವರು ಇದ್ದದ್ದಕ್ಕಿಂತ ಉದ್ದವಾಗಿ, ಕೃಶರಾಗಿ ಕಾಣುತ್ತಿದ್ದರು. ಅಕ್ಕ ಪ್ಲೇಯರನ್ನು ತಾನೇ ನಿಲ್ಲಿಸಿದಳು. “ಬೇಡ ಕಣೋ. ಕಾಯಿಲೆಯಲ್ಲಿ ಇದ್ದ ಹಾಗೆ ಕಾಣ್ತಾರೆ” ಎಂದಳು.

ನಾನು ಈ ವಿದ್ಯೆಯನ್ನು ಕಲಿತೇ ತೀರಬೇಕೆಂದು ನಿಶ್ಚಯಿಸಿದ್ದು ಆ ಮಾತಿನಿಂದ. ತಂತ್ರವನ್ನು ಅರಿಯದೆ ಹೋದರೆ, ಹೋದ ಮನುಷ್ಯನ ಮುಖಕ್ಕೆ ಎರಡನೆಯ ಸಲ ರೋಗ ಬರಿಸಬಹುದು ಎಂಬುದು ನನಗೆ ಮನದಟ್ಟಾಯಿತು.

ಈ ತಟ್ಟೆಯ ಜಾಗದ ಲೆಕ್ಕ ತುಂಬ ಸ್ವಾರಸ್ಯವಾದದ್ದು. 12 ಸೆಂಟಿಮೀಟರ್ ಅಡ್ಡಳತೆಯ ತಟ್ಟೆ. ಅದರೊಳಗೆ ಕೇಂದ್ರದಿಂದ ಅಂಚಿನವರೆಗೆ ಸುರುಳಿಯಾಗಿ ಸುತ್ತಿದ ಒಂದೇ ಒಂದು ಸಾಲು. ಸಾಲಿನಿಂದ ಸಾಲಿಗೆ ಅಂತರ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಆ ಸುರುಳಿಯನ್ನು ಬಿಡಿಸಿ ಎಳೆದರೆ ಸುಮಾರು 12 ಕಿಲೋಮೀಟರ್ ಉದ್ದವಾಗುತ್ತದೆ. ಅದರಲ್ಲಿ ಹಿಡಿಯುವುದು 470 ಕೋಟಿ ಬೈಟು. ಕೇಳುವುದಕ್ಕೆ ಅಗಾಧವೆನಿಸುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಒಂದು ಚಿತ್ರಕ್ಕೆ 720ರಿಂದ 576ನ್ನು ಗುಣಿಸಿದರೆ 4,14,720 ಬಿಂದುಗಳು. ಬಣ್ಣದ ವಿಷಯದಲ್ಲಿ ಕಣ್ಣು ಅಷ್ಟು ಸೂಕ್ಷ್ಮವಲ್ಲವೆಂದು ಅಲ್ಲಿ ಸ್ವಲ್ಪ ಮಿತವ್ಯಯ ಮಾಡಿದರೂ ಬಿಂದುವಿಗೆ ಸರಾಸರಿ ಒಂದೂವರೆ ಬೈಟು ಬೇಕು. ಸೆಕೆಂಡಿಗೆ 25 ಚಿತ್ರದಂತೆ ಇದು ಒಂದೂವರೆ ಕೋಟಿ ಬೈಟನ್ನು ಮೀರುತ್ತದೆ. ಹೀಗೆ ಇದ್ದದ್ದನ್ನು ಇದ್ದಂತೆಯೇ ಬರೆದರೆ ಇಡೀ ತಟ್ಟೆ ಐದೇ ನಿಮಿಷದಲ್ಲಿ ತುಂಬಿಹೋಗುತ್ತದೆ! ಭಾವ ಕನ್ನಡಕ ಒರೆಸಿಕೊಂಡು ಶಾರದಾಸ್ತುತಿ ಮುಗಿಸುವಷ್ಟರಲ್ಲಿ ತಟ್ಟೆ ಮುಗಿಯಿತು.

ಆದ್ದರಿಂದ ಅಡಕ ಮಾಡದೆ ಗತಿಯಿಲ್ಲ. ಅಡಕ ಮಾಡುವ ಉಪಾಯವೇ ಎಂಪೆಗ್-2ರ ಹುರುಳು. ಹಳೆಯ ದಸ್ತಾವೇಜುಗಳಲ್ಲಿ ಜಮೀನಿನ ವಿವರವನ್ನು ಒಮ್ಮೆ ಪೂರ್ತಿ ಬರೆದು, ಮುಂದೆಲ್ಲ ‘ಸದರಿ ಜಮೀನು’ ಎಂದಷ್ಟೇ ಬರೆಯುತ್ತಾರಲ್ಲ, ಅದೇ ಉಪಾಯ. ಒಂದು ಚಿತ್ರವನ್ನು ಪೂರ್ತಿಯಾಗಿ ಬರೆಯುವುದು, ಅನಂತರದ ಚಿತ್ರಗಳಲ್ಲಿ ಹಿಂದಿನದಕ್ಕಿಂತ ಏನು ಬದಲಾಯಿತು ಎಂಬುದನ್ನಷ್ಟೆ ಬರೆಯುವುದು, ಉಳಿದದ್ದೆಲ್ಲ ಸದರಿ. ನಮ್ಮ ಪದ್ಧತಿಯ ಡಿವಿಡಿಯಲ್ಲಿ ಹೆಚ್ಚೆಂದರೆ 15 ಚಿತ್ರಕ್ಕೊಮ್ಮೆ ಮತ್ತೆ ಪೂರ್ಣ ಚಿತ್ರ ಬರಲೇಬೇಕೆಂದು ನಿಯಮ. ಇಲ್ಲವಾದರೆ ತಪ್ಪು ಬೆಳೆಯುತ್ತ ಹೋಗುತ್ತದೆ, ನಡುವಿನಿಂದ ನೋಡತೊಡಗುವವನಿಗೆ ‘ಸದರಿ’ ಎಂದರೆ ಯಾವುದು ಎಂದೇ ತಿಳಿಯುವುದಿಲ್ಲ.

ಈ ದೃಷ್ಟಿಯಿಂದ ಗಮಕವಾಚನ ಬಹಳ ಅನುಕೂಲವಾದ ವಸ್ತು. ಕುಳಿತ ಮನುಷ್ಯ ಕುಳಿತಲ್ಲೇ ಇರುತ್ತಾನೆ. ಹಿಂದಿನ ಗೋಡೆ, ಬದಿಯ ಕಂಬ, ಮುಂದಿನ ವ್ಯಾಸಪೀಠ ಅಲುಗುವುದಿಲ್ಲ. ತುಟಿ, ಹುಬ್ಬು, ಒಂದು ಕೈ ಇಷ್ಟೇ ಆಡುವುದು. ಯಕ್ಷಗಾನದ ಧೀಂಗಿಣವೋ ಮದುವೆಯ ದಿಬ್ಬಣವೋ ಆಗಿದ್ದರೆ ‘ಸದರಿ’ ಎನ್ನಲು ಅವಕಾಶವೇ ಕಡಿಮೆ. ಆದರೆ ನಮ್ಮ ಚಿತ್ರಕ್ಕೂ ಒಂದು ಕಷ್ಟವಿತ್ತು. ಜಗಲಿಯಲ್ಲಿ ಒಂದು ಮಂದವಾದ ಬಲ್ಬು. ಮಬ್ಬು ಬೆಳಕಿನಲ್ಲಿ ಕ್ಯಾಮರಾ ತೆಗೆದ ಚಿತ್ರದ ತುಂಬ ಸಣ್ಣ ಸಣ್ಣ ಕಾಳುಗಳು ಮಿಣಮಿಣಗುಟ್ಟುತ್ತವೆ. ನಮ್ಮ ಕಣ್ಣಿಗೆ ಅದು ಗೋಡೆ. ಯಂತ್ರಕ್ಕೆ ಅದು ಕ್ಷಣಕ್ಷಣವೂ ಬದಲಾಗುವ ಕಾಳುಗಳ ರಾಶಿ. ಹೀಗಾಗಿ ಭಾವನ ಮುಖಕ್ಕೆ ಸಲ್ಲಬೇಕಾದ ಬೈಟುಗಳನ್ನು ಹಿಂದಿನ ಗೋಡೆ ತಿಂದುಹಾಕುತ್ತದೆ.

ಅಂಗಡಿಯ ತಟ್ಟೆಯ ರೋಗಕ್ಕೆ ಈಗ ನಿದಾನ ಸಿಕ್ಕಿತು. ಐದು ಗಂಟೆಯನ್ನು ಒಂದು ತಟ್ಟೆಗೆ ತುಂಬಿದರೆ ಸೆಕೆಂಡಿಗೆ ಸಿಗುವುದು ಸುಮಾರು 21 ಲಕ್ಷ ಬಿಟ್ಟು. ನೂರು ನಿಮಿಷವನ್ನಷ್ಟೇ ತುಂಬಿದರೆ ಸೆಕೆಂಡಿಗೆ 62 ಲಕ್ಷಕ್ಕೂ ಮಿಕ್ಕು. ಅದೇ ತಟ್ಟೆ, ಅದೇ ಬೆಲೆ. ಮೂರು ಪಾಲು ವ್ಯತ್ಯಾಸ. ಇನ್ನು ಅವರು ಕೃಶರಾಗಿ ಕಂಡದ್ದಕ್ಕೆ ಕಾರಣ ಅಳತೆಯ ಪ್ರಮಾಣ. ಕ್ಯಾಮರಾದ ಚಿತ್ರ ಹದಿನಾರಕ್ಕೆ ಒಂಬತ್ತರ ಅಗಲ ಚಿತ್ರ. ಹಳೆಯ ಟಿವಿ ನಾಲ್ಕಕ್ಕೆ ಮೂರರದ್ದು. ಅಗಲವಾದದ್ದನ್ನು ಚಿಕ್ಕ ಚೌಕಕ್ಕೆ ಹಿಂಡಿ ಕೂರಿಸಿದ್ದರಿಂದ ಮನುಷ್ಯ ಉದ್ದವಾದ. ಮೇಲೆ ಕೆಳಗೆ ಎರಡು ಕರಿಯ ಪಟ್ಟಿಗಳನ್ನು ಬಿಟ್ಟು ಪ್ರಮಾಣವನ್ನು ಉಳಿಸಿಕೊಳ್ಳಬೇಕಿತ್ತು. ಕರಿಯ ಪಟ್ಟಿ ಬಂದರೆ ಗಿರಾಕಿಗಳು ಜಾಗ ವ್ಯರ್ಥವಾಯಿತೆಂದು ಗೊಣಗುತ್ತಾರಂತೆ. ಅದಕ್ಕೆ ಅಂಗಡಿಯವರು ಹಾಗೆ ಮಾಡಿದ್ದು.

ಸಾಧನಗಳಿಗೆ ಹೆಚ್ಚು ಹಣ ಬೇಕಾಗಲಿಲ್ಲ. ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶವೊಂದುಂಟು. 2000ದಲ್ಲಿ ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಎಂಬ ತಜ್ಞ ಆರಂಭಿಸಿದ್ದು, ಯಾರಾದರೂ ಉಚಿತವಾಗಿ ಪಡೆದು ಬಳಸಬಹುದಾದದ್ದು. ನಮ್ಮ ಪದ್ಧತಿಯ ಡಿವಿಡಿ ಬೇಕೆಂದು ಅದಕ್ಕೆ ಹೇಳಿದರೆ ಅಳತೆ, ಲಯ, ಧ್ವನಿ ಎಲ್ಲವನ್ನೂ ಅದೇ ಹೊಂದಿಸಿಕೊಡುತ್ತದೆ. ತಟ್ಟೆಗೆ ಮುಖಪುಟವನ್ನೂ ಅಧ್ಯಾಯಗಳನ್ನೂ ಮಾಡಿಕೊಡಲು ಡಿವಿಡಿ ಸ್ಟೈಲರ್ ಮೊದಲಾದ ಬೇರೆ ತಂತ್ರಾಂಶಗಳಿವೆ. ಅಕ್ಕನಿಗೆ ‘ಮುಂದಕ್ಕೆ’ ಎಂಬ ಗುಂಡಿ ಗೊತ್ತಿತ್ತಲ್ಲ. ಹತ್ತು ನಿಮಿಷಕ್ಕೊಂದರಂತೆ ಅಧ್ಯಾಯ ಮಾಡಿದೆ.

ಎಷ್ಟೇ ಎಚ್ಚರವಹಿಸಿದರೂ ಕೆಲವು ನಷ್ಟಗಳು ತಪ್ಪಲಿಲ್ಲ. ಕ್ಯಾಮರಾ ಸೆಕೆಂಡಿಗೆ 30 ಚಿತ್ರ ತೆಗೆದಿತ್ತು. ತಟ್ಟೆಗೆ ಬೇಕಾದದ್ದು 25. ಆರರಲ್ಲೊಂದು ಚಿತ್ರವನ್ನು ಕೈಬಿಡದೆ ದಾರಿಯಿರಲಿಲ್ಲ. ಭಾವ ಕೈ ಎತ್ತಿ ಬೀಸುವಾಗ ಗಮನವಿಟ್ಟು ನೋಡಿದರೆ ಎಲ್ಲೋ ಒಂದು ಸಣ್ಣ ತಡೆ ಕಾಣಿಸುತ್ತದೆ. ಧ್ವನಿಗೆ ಮಾತ್ರ ಇದರಿಂದ ಬಾಧೆ ಬರಲಿಲ್ಲ. ಸಿನಿಮಾದ ವಿಷಯ ಹಾಗಲ್ಲ. ಅದರ ಲಯ ಸೆಕೆಂಡಿಗೆ 24. ನಮ್ಮ ಡಿವಿಡಿಗೆ ಇಳಿಸುವಾಗ 25ರ ವೇಗದಲ್ಲಿ ಓಡಿಸಿಬಿಡುವುದು ರೂಢಿಯಲ್ಲಿತ್ತು. ಧ್ವನಿಯನ್ನು ಬೇರೆಯಾಗಿ ತಿದ್ದದೆ ಹೋದರೆ ಹಾಡಿನ ಶ್ರುತಿ ಒಂದು ಸ್ವರಸ್ಥಾನದ ಮುಕ್ಕಾಲು ಭಾಗದ ಹತ್ತಿರದಷ್ಟು ಏರಿಬಿಡುತ್ತದೆ. ಎಷ್ಟೋ ಹಳೆಯ ಹಾಡುಗಳನ್ನು ನಾವು ಹೀಗೆ ಏರಿದ ಶ್ರುತಿಯಲ್ಲೇ ಕೇಳಿ ಮೆಚ್ಚಿರಬಹುದು.

ಇನ್ನೊಂದು ಸೂಕ್ಷ್ಮ. ಹಳೆಯ ಟಿವಿಗಳು ಚಿತ್ರದ ನಾಲ್ಕು ಅಂಚನ್ನೂ ಸ್ವಲ್ಪ ಸ್ವಲ್ಪ ಮರೆಮಾಡುತ್ತವೆ. ಓಲೆಗರಿ ಬರೆಯುವವರು ಗರಿಯ ಎರಡು ತುದಿಯಲ್ಲೂ ಅಂಚು ಬಿಡುತ್ತಿದ್ದರು, ಮೊದಲು ಮುರಿಯುವುದು ತುದಿಯೇ ಎಂದು. ನಾನೂ ಹಾಗೆಯೇ ಚಿತ್ರವನ್ನು ತುಸು ಕುಗ್ಗಿಸಿ ಸುತ್ತಲೂ ಅಂಚು ಬಿಟ್ಟೆ. ಭಾವನ ಮುಂದಿದ್ದ ಪುಸ್ತಕ ಪೂರ್ತಿ ಕಾಣಬೇಕೆಂಬುದು ನನ್ನ ಆಸೆ.

ಕೊನೆಗೆ ಬರೆಯುವ ಕೆಲಸ. ಇಂಗ್ಲಿಷಿನಲ್ಲಿ ಇದಕ್ಕೆ ತಟ್ಟೆಯನ್ನು ಸುಡುವುದು ಎಂದೇ ಹೇಳುತ್ತಾರೆ, ಮಾತು ಸುಳ್ಳಲ್ಲ. ತಟ್ಟೆಯೊಳಗಿನ ಬಣ್ಣದ ತೆಳುಪದರವನ್ನು ಲೇಸರ್ ಕಿರಣ ಅಲ್ಲಲ್ಲಿ ಸುಟ್ಟು ಗುರುತು ಮಾಡುತ್ತದೆ. ಕಬ್ಬಿಣದ ಕಂಟದಿಂದ ಗರಿಯನ್ನು ಗೀರಿದ ಹಾಗೆ. ಒಮ್ಮೆ ಗೀರಿದ ಮೇಲೆ ಅಳಿಸುವಂತಿಲ್ಲ. ಮೊದಲ ತಟ್ಟೆ ಅರ್ಧ ಆಗಿದ್ದಾಗ ಕರೆಂಟು ಹೋಯಿತು. ತಟ್ಟೆ ದಂಡ. ಎರಡನೆಯದನ್ನು ನಿಧಾನವಾದ ವೇಗದಲ್ಲಿ ಬರೆಯಿಸಿದೆ. ಬರೆದಾದ ಮೇಲೆ ‘ಸಮಾಪ್ತಿ’ ಹಾಕುವ ಒಂದು ವಿಧಿಯುಂಟು. ಅದನ್ನು ಮಾಡದೆ ಬಿಟ್ಟ ತಟ್ಟೆಯನ್ನು ಮನೆಯ ಪ್ಲೇಯರುಗಳು ಓದಲು ಒಪ್ಪುವುದಿಲ್ಲ.

ತಟ್ಟೆಯನ್ನು ತೆಗೆದುಕೊಂಡು ತೀರ್ಥಹಳ್ಳಿಯ ಬಸ್ಸು ಹತ್ತಿದೆ. ಸಂಜೆ ದೀಪ ಹಚ್ಚಿ ಆದಮೇಲೆ ಹಾಕಿದೆವು. ಬಣ್ಣವಿತ್ತು, ಮುಖ ಮುಖದಂತೆಯೇ ಇತ್ತು. ಕೆಂಪು ಅಂಚು ಕಾಣಿಸಿತು. ಅಕ್ಕ ನೂರು ನಿಮಿಷವೂ ಏಳಲಿಲ್ಲ. ಮುಗಿಯಿತು. ನಾನು ಹೊಗಳಿಕೆಗೆ ಕಾದು ಕುಳಿತಿದ್ದೆ ಎಂದು ಒಪ್ಪಿಕೊಳ್ಳುವುದೇ ಮೇಲು. ಆಕೆ ನನ್ನ ಕಡೆ ತಿರುಗಿ ಕೇಳಿದಳು:

“ಕೊನೆಯಲ್ಲಿ ನನ್ನನ್ನು ಕರೆದಿದ್ದರಲ್ಲ, ಅದೆಲ್ಲಿ ಹೋಯಿತೋ?”

ನನಗೆ ತಕ್ಷಣ ತಿಳಿಯಲಿಲ್ಲ, ಆಮೇಲೆ ತಿಳಿಯಿತು. ಐದನೆಯ ತುಂಡಿನ ಕೊನೆಯಲ್ಲಿ, ಓದು ಮುಗಿದ ಮೇಲೆ, ಕ್ಯಾಮರಾ ಇನ್ನೂ ಎರಡು ನಿಮಿಷ ಓಡಿತ್ತು. ಭಾವ ಪುಸ್ತಕ ಮುಚ್ಚುತ್ತಾರೆ, ಕೆಮ್ಮುತ್ತಾರೆ, ಯಾರೋ ನಡುವೆ ಹಾದುಹೋಗುತ್ತಾರೆ, ಭಾವ ಒಳಮನೆಯ ಕಡೆ ತಿರುಗಿ “ಇವಳೇ, ಒಂದು ಲೋಟ ಬಿಸಿನೀರು ತಾರೆ” ಎನ್ನುತ್ತಾರೆ. ಒಳಗಿನಿಂದ ಅಕ್ಕನ ದನಿ, “ಬಂದೆ” ಎಂದು. ನಾನು ಇದನ್ನು ಕತ್ತರಿಸಿ ಹಾಕಿದ್ದೆ. ಕಾವ್ಯಕ್ಕೆ ಸಂಬಂಧಿಸಿದ್ದಲ್ಲ, ವಾಚನ ಮುಗಿದ ಕಡೆ ತಟ್ಟೆಯೂ ಮುಗಿದರೆ ಚೆನ್ನ ಎಂದು ನನ್ನ ತೀರ್ಮಾನ. ನೂರು ನಿಮಿಷವಿದ್ದದ್ದನ್ನು ತೊಂಬತ್ತೆಂಟು ಮಾಡಿದ್ದೆ. ಮಗ ಚಿತ್ರ ತೆಗೆದ ಮರುದಿನವೇ ತನ್ನ ಕಂಪ್ಯೂಟರಿನಲ್ಲಿ ಅದನ್ನು ಆಕೆಗೆ ಒಮ್ಮೆ ತೋರಿಸಿದ್ದನಂತೆ. ನಾಲ್ಕು ವರ್ಷದಿಂದ ಆಕೆ ನೋಡಬೇಕೆಂದು ಕೇಳುತ್ತಿದ್ದದ್ದು, ಕರ್ಣನ ಕಥೆಯ ಜೊತೆಗೆ, ಆ ಎರಡು ನಿಮಿಷವನ್ನು.

ಶ್ರೋತೃಗಳೆ, ನಾನು ತರಗತಿಯಲ್ಲಿ ಡಿ. ಎಲ್. ನರಸಿಂಹಾಚಾರ್ಯರ ಗ್ರಂಥಸಂಪಾದನೆಯ ಪುಸ್ತಕವನ್ನಿಟ್ಟುಕೊಂಡು ಹುಡುಗರಿಗೆ ಪಾಠ ಹೇಳಿದವನು. ಪ್ರತಿಕಾರನ ತಪ್ಪುಗಳು ಎಷ್ಟು ಬಗೆ, ಕಣ್ಣು ಜಾರಿ ಒಂದು ಸಾಲು ಬಿಡುವುದು ಹೇಗೆ, ತಿಳಿಯದ ಪಾಠವನ್ನು ತಿಳಿಯುವ ಪಾಠಕ್ಕೆ ತಿದ್ದಿಬಿಡುವುದು ಹೇಗೆ ಎಂದೆಲ್ಲ ಉದಾಹರಣೆ ಸಹಿತ ವಿವರಿಸಿದವನು. ಅಜ್ಞಾನದಿಂದ ತಪ್ಪು ಮಾಡುವ ಪ್ರತಿಕಾರನಿಗಿಂತ, ಜಾಣತನದಿಂದ ತಿದ್ದುವ ಪ್ರತಿಕಾರ ಹೆಚ್ಚು ಅಪಾಯಕಾರಿ ಎಂದು ನಾನೇ ಹೇಳುತ್ತಿದ್ದೆ. ಅಜ್ಞಾನಿಯ ತಪ್ಪು ಎದ್ದು ಕಾಣುತ್ತದೆ. ಜಾಣನ ತಪ್ಪು ಅಂದವಾಗಿರುವುದರಿಂದ ಯಾರಿಗೂ ಕಾಣುವುದಿಲ್ಲ. ಅಂಗಡಿಯವರ ತಟ್ಟೆ ಕೆಟ್ಟದ್ದೆಂದು ಯಾರಾದರೂ ಹೇಳಬಹುದಿತ್ತು. ನನ್ನ ತಟ್ಟೆಯಲ್ಲಿ ಏನೋ ಇಲ್ಲವೆಂದು ಹೇಳಬಲ್ಲವರು ಲೋಕದಲ್ಲಿ ಒಬ್ಬರೇ ಇದ್ದರು. ಅವರು ಇಲ್ಲದಿದ್ದರೆ ಆ ಎರಡು ನಿಮಿಷ ಇದ್ದದ್ದೇ ಸುಳ್ಳಾಗುತ್ತಿತ್ತು.

ಪುಣ್ಯಕ್ಕೆ ಮೂಲದ ಐದು ತುಂಡುಗಳನ್ನು ನಾನು ಅಳಿಸಿರಲಿಲ್ಲ. ಮರುವಾರ ಮತ್ತೊಂದು ತಟ್ಟೆ ಮಾಡಿದೆ. ಕೆಮ್ಮು, ನಡುವೆ ಹಾದುಹೋದ ಮನುಷ್ಯ, ಬಿಸಿನೀರು, ಎಲ್ಲವೂ ಅದರಲ್ಲಿದ್ದವು. ಅಕ್ಕನ ಅನುಕೂಲಕ್ಕೆಂದು ಆ ಭಾಗಕ್ಕೆ ಪ್ರತ್ಯೇಕ ಅಧ್ಯಾಯವನ್ನೂ ಮಾಡಿಕೊಟ್ಟೆ.

ಇಲ್ಲಿಗೇ ಮುಗಿಯಿತೆಂದು ತಿಳಿದಿದ್ದೆ. 2021ರ ಸುಮಾರಿಗೆ ತಟ್ಟೆ ಅಲ್ಲಲ್ಲಿ ನಿಲ್ಲತೊಡಗಿತು. ಮರುವರ್ಷ ಪೂರ್ತಿ ಓದದಾಯಿತು. ಅಕ್ಕ ಅದನ್ನು ಪೆಟ್ಟಿಗೆಯಿಂದ ತೆಗೆದು, ಭಾವನ ಪಟದ ಪಕ್ಕದಲ್ಲಿ, ಪಡುವಣ ಕಿಟಕಿಯ ಹತ್ತಿರ ಇಟ್ಟಿದ್ದಳು. ಸಂಜೆಯ ಬಿಸಿಲು ನೇರವಾಗಿ ಬೀಳುವ ಜಾಗ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ತಟ್ಟೆಗೂ ನಾವು ಮನೆಯಲ್ಲಿ ಬರೆದ ತಟ್ಟೆಗೂ ಇರುವ ಭೇದ ಇದೇ. ಅಲ್ಲಿ ಗುಳಿಗಳು ಅಚ್ಚಿನಿಂದ ಮೂಡಿದವು. ಇಲ್ಲಿ ಬಣ್ಣದ ಪದರದ ಮೇಲಿನ ಸುಟ್ಟ ಗುರುತುಗಳು. ಬಿಸಿಲಿಗೆ, ಸೆಕೆಗೆ ಆ ಬಣ್ಣ ಮಾಸುತ್ತದೆ. ಓಲೆಗೆ ಗೆದ್ದಲು, ತಟ್ಟೆಗೆ ಬಿಸಿಲು. ಆಕೆ ಅತ್ಯಂತ ಗೌರವದ ಜಾಗದಲ್ಲಿ ಇಟ್ಟದ್ದರಿಂದಲೇ ಅದು ಹಾಳಾಯಿತು.

ಅಷ್ಟು ಹೊತ್ತಿಗೆ ಪ್ಲೇಯರುಗಳೂ ಅಂಗಡಿಗಳಲ್ಲಿ ಅಪರೂಪವಾಗುತ್ತ ಬಂದಿದ್ದವು. ಅಕ್ಕನ ಮನೆಗೆ ಹೊಸ ಚಪ್ಪಟೆ ಟಿವಿ ಬಂದಿತ್ತು. ಅದರ ಬೆನ್ನಿಗೆ ಪೆನ್‌ಡ್ರೈವ್ ಚುಚ್ಚಿದರೆ ಕ್ಯಾಮರಾದ ಮೂಲ ಕಡತವೇ ನೇರವಾಗಿ ಓಡುತ್ತದೆ: ಯಾವ ರೂಪಾಂತರವೂ ಇಲ್ಲದೆ, ಮೂವತ್ತಕ್ಕೆ ಮೂವತ್ತು ಚಿತ್ರಗಳೊಡನೆ. ನಾನು ತಟ್ಟೆಗಾಗಿ ಪಟ್ಟ ಪಾಡೆಲ್ಲ ನಿರರ್ಥಕವಾಯಿತೆ? ಆಗಲಿಲ್ಲ ಎಂದೇ ಹೇಳುತ್ತೇನೆ. ನಡುವಿನ ಏಳೆಂಟು ವರ್ಷ ಆಕೆ ಎಷ್ಟು ಸಲ ಆ ತಟ್ಟೆಯನ್ನು ಹಾಕಿ ನೋಡಿದಳೋ ನಾನು ಲೆಕ್ಕವಿಡಲಿಲ್ಲ. ಮುಂದೊಂದು ದಿನ ಒಳ್ಳೆಯ ಸಾಧನ ಬಂದೀತು ಎಂದು ಕಾಯಿಸುವುದು ಎಪ್ಪತ್ತು ದಾಟಿದವರಿಗೆ ಹೇಳುವ ಮಾತಲ್ಲ.

ಈಗ ನಾನು ಕಲಿತದ್ದನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತೇನೆ. ಕಡತವನ್ನು ಕಡತವಾಗಿಯೇ ನಕಲು ಮಾಡಿದರೆ ಅದು ಪ್ರತಿ. ಒಂದಕ್ಷರ ಬಿಡದೆ ಎಷ್ಟು ಸಲ ಬೇಕಾದರೂ ಮಾಡಬಹುದು. ಓಲೆಯ ಪ್ರತಿಕಾರನಿಗೆ ಇಲ್ಲದ ಭಾಗ್ಯ ಇದು. ಕಡತವನ್ನು ತಟ್ಟೆಗೆ ಇಳಿಸುವುದು ಪ್ರತಿಯಲ್ಲ, ಗದ್ಯಾನುವಾದ. ಪಂಪಭಾರತವನ್ನು ಹೊಸಗನ್ನಡದ ಗದ್ಯಕ್ಕೆ ತಂದರೆ ಸಾವಿರಾರು ಜನ ಓದುತ್ತಾರೆ, ತರಲೇಬೇಕು. ಆದರೆ ಗದ್ಯ ಇದೆಯಲ್ಲ ಎಂದು ಚಂಪುವನ್ನು ಬಿಸಾಡಿದರೆ, ಆ ಗದ್ಯದಿಂದ ಪಂಪನ ವೃತ್ತಗಳನ್ನು ಮತ್ತೆ ಯಾರೂ ಕಟ್ಟಲಾರರು. ತಮ್ಮ ಮನೆಗಳಲ್ಲಿ ಮದುವೆಯದೋ ಮಗುವಿನದೋ ತೀರಿಕೊಂಡವರದೋ ತಟ್ಟೆಗಳಿದ್ದರೆ, ಅವು ಇನ್ನೂ ಓದುತ್ತಿರುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಮೂಲದ ಕಡತ ಯಾರ ಬಳಿಯಾದರೂ ಇದ್ದರೆ ಅದನ್ನೇ ತರಿಸಿಕೊಂಡು ಎರಡು ಬೇರೆ ಬೇರೆ ಜಾಗದಲ್ಲಿ ಇಡಿ. ಪೊನ್ನನ ಶಾಂತಿಪುರಾಣಕ್ಕೆ ಅತ್ತಿಮಬ್ಬೆ ಸಾವಿರ ಪ್ರತಿ ಮಾಡಿಸಿದಳೆಂದು ನಾವು ಹಾಡಿ ಹೊಗಳುತ್ತೇವೆ. ಅವಳು ಒಂದೇ ಪ್ರತಿಯನ್ನು ನಂಬಿ ಕೂರಲಿಲ್ಲವೆಂಬುದೇ ಆ ಕಥೆಯ ತಿರುಳು.

ಎರಡನೆಯ ಮಾತು: ಯಾವುದು ಮುಖ್ಯ, ಯಾವುದು ಕಸ ಎಂದು ಇನ್ನೊಬ್ಬರ ಪರವಾಗಿ ತೀರ್ಮಾನಿಸಲು ಹೋಗಬೇಡಿ. ಕತ್ತರಿಸುವ ಮೊದಲು ನೋಡುವವರನ್ನು ಒಮ್ಮೆ ಕೇಳಿ.

ಹೋದ ವರ್ಷ ಅಕ್ಕನ ಮನೆಗೆ ಹೋಗಿದ್ದೆ. ಪೆನ್‌ಡ್ರೈವ್ ಹಾಕಿ, ಆಕೆಯ ಕೈಗೆ ರಿಮೋಟು ಕೊಟ್ಟೆ. ದೊಡ್ಡ ಪರದೆ, ಮೂಲದ ಚಿತ್ರ. ಸ್ವಲ್ಪ ಹೊತ್ತು ನೋಡಿ, “ಅಂಚು ಈಗ ಸರಿಯಾಗಿದೆ. ಆ ತಟ್ಟೆಯಲ್ಲಿ ಸ್ವಲ್ಪ ಕಿತ್ತಳೆಯಾಗಿತ್ತು” ಎಂದಳು. ಇಷ್ಟು ವರ್ಷ ಆಕೆ ಅದನ್ನು ನನಗೆ ಹೇಳಿರಲಿಲ್ಲ. ತಮ್ಮ ಕಷ್ಟಪಟ್ಟು ಮಾಡಿದ್ದ, ನೊಂದಾನು ಎಂದು.